ಫ್ಯೂಯಲ್ ಹೋಸ್ ಕ್ಲಾಂಪ್ ಒತ್ತೋಕೆ ಕಟಿಂಗ್ ಪ್ಲೈಯರ್ ಬೇಡ
ಹಳೇ ಕಾರಿನ ಪೆಟ್ರೋಲ್ ಹೋಸಿಗೆ, ಅಂದ್ರೆ ರಬ್ಬರ್ ಪೈಪಿಗೆ, ಕಿವಿ ಥರ ಉಬ್ಬಿರೋ ಕ್ಲಾಂಪ್ ಹಾಕ್ತೀರಲ್ಲ, ಅದನ್ನ ಕಟಿಂಗ್ ಪ್ಲೈಯರಲ್ಲಿ ಒತ್ತಬೇಡಿ. ನಾನೂ ಮೊದಮೊದಲು ಹಾಗೇ ಮಾಡ್ತಿದ್ದೆ, ಟೈಟಾಗೇನೋ ಕೂತಿತ್ತು, ಆಮೇಲೆ ಟಾರ್ಚ್ ಬಿಟ್ಟು ನೋಡಿದ್ರೆ ಕಿವಿ ಬುಡದಲ್ಲಿ ಕೂದಲೆಳೆಯಷ್ಟು ಕಚ್ಚಿದ ಗೆರೆ, ಇಂಜಿನ್ ಅದುರಿ ಅದುರಿ ಅಲ್ಲೇ ಸೀಳೋದು. ಇದಕ್ಕೇ ಅಂತ ಪಿನ್ಸರ್ ಬರುತ್ತೆ, ಬಾಯಿ ಮೊಂಡಾಗಿರುತ್ತೆ, ಕತ್ತರಿಸಲ್ಲ, ಕಿವಿಯ ಎರಡು ಬುಡನೂ ಹತ್ತಿರ ತರುತ್ತೆ ಅಷ್ಟೇ. ಕಾರ್ಬೊರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸೋ ಭಾಗ) ಹಿಂದೆ ನೇರ ಕೈ ಹೋಗಲ್ಲ ಅನ್ನೋರು ಪಕ್ಕದಿಂದ ಹಿಡಿಯೋ ಬಾಯಿಯದ್ದು ತಗೊಳಿ.

ಟೂಲ್‌ಗಿಂತ ಜಾಸ್ತಿ ಜನ ತಪ್ಪೋದು ಸೈಜಲ್ಲಿ. ಹೋಸನ್ನ ಪೈಪಿಗೆ ಏರಿಸಿದ ಮೇಲೆ ಹೊರಗಡೆ ವರ್ನಿಯರ್ (ದಪ್ಪ ಅಳೆಯೋ ಸ್ಕೇಲ್) ಇಟ್ಟು ಅಳತೆ ತಗೊಳಿ, ಆ ಅಳತೆ ಕ್ಲಾಂಪ್ ಹಿಡಿಯೋ ಸೈಜಿನ ರೇಂಜ್ ಒಳಗೆ ಬರ್ಬೇಕು, ದೊಡ್ಡದು ತಂದು ಕಿವಿ ಪೂರ್ತಿ ಮುಚ್ಚೋವರೆಗೂ ಹಿಂಡಿದ್ರೂ ಅದು ಲೂಸೇ. ಹಾಗಂತ ರಬ್ಬರ್ ಉಬ್ಬಿ ಹೊರಗೆ ಬರೋ ಥರ ಒತ್ತೋದೂ ಬೇಡ, ಕಾರ್ಬೊರೇಟರ್ ಗಾಡೀಲಿ ಸಾಮಾನ್ಯವಾಗಿ ಪೆಟ್ರೋಲ್ ಪ್ರೆಶರ್ ಕಮ್ಮಿನೇ, 2ರಿಂದ 6 ಪಿಎಸ್‌ಐ (ಒತ್ತಡದ ಅಳತೆ) ಅಷ್ಟೇ.

ಒಂದ್ಸಲ ಒತ್ತಿದ ಕ್ಲಾಂಪ್ ಮತ್ತೆ ಬಳಸೋ ಹಾಗಿಲ್ಲ. ಬಿಚ್ಚೋವಾಗ ಕಿವಿ ಕತ್ತರಿಸಿ, ಆ ಕಟಿಂಗ್ ಪ್ಲೈಯರ್‌ಗೆ ಕೆಲ್ಸ ಇರೋದು ಅಲ್ಲೇ.