ವೆಬ್ ವಿಳಾಸದಲ್ಲಿ & ಚಿಹ್ನೆಯ ತೊಡಕು: ನನ್ನ ಅನುಭವ

ದಾವಣಗೆರೆಯ ನಮ್ಮ ಬಡಾವಣೆಯ ತಿಂಡಿ ಅಂಗಡಿಯೊಂದಕ್ಕೆ ನಾನು ಮಾಡಿಕೊಟ್ಟಿದ್ದ ಜಾಲತಾಣದಲ್ಲಿ ‘ಮಂಡಕ್ಕಿ & ಮಿರ್ಚಿ’ ಎಂಬ ಕೊಂಡಿಯನ್ನು ಒತ್ತಿದರೆ, ಆರ್ಡರ್ ಪುಟದಲ್ಲಿ ‘ಮಂಡಕ್ಕಿ’ ಮಾತ್ರ ಕಾಣಿಸುತ್ತಿತ್ತು. “ಮಿರ್ಚಿ ಎಲ್ಲಿ ಹೋತು ಸರ?” ಎಂದು ಅಂಗಡಿಯವರು ಕೇಳಿದಾಗ, ದೋಷ ಡೇಟಾಬೇಸಿನಲ್ಲಿದೆಯೆಂದು ಭಾವಿಸಿ ಇಡೀ ಸಂಜೆ ಅಲ್ಲಿಯೇ ಹುಡುಕಿದೆ.

ದೋಷವಿದ್ದದ್ದು ವಿಳಾಸದಲ್ಲಿ. ಪ್ರಶ್ನಾರ್ಥಕ ಚಿಹ್ನೆಯ ನಂತರದ ಭಾಗದಲ್ಲಿ & ಎಂಬುದು ಒಂದು ಮಾಹಿತಿಯನ್ನು ಇನ್ನೊಂದರಿಂದ ಬೇರ್ಪಡಿಸುವ ಗುರುತಾದ್ದರಿಂದ, ಸರ್ವರ್ ಹೆಸರನ್ನು ಅಲ್ಲಿಗೇ ಕತ್ತರಿಸಿ, ಉಳಿದದ್ದನ್ನು ಬೇರೆಯೇ ಮಾಹಿತಿಯೆಂದು ತಿಳಿಯುತ್ತಿತ್ತು. ಮೊದಲು, ವಿಳಾಸದಲ್ಲಿ ತೊಡಕಾಗುವ ಚಿಹ್ನೆಗಳನ್ನು %ನಿಂದ ಶುರುವಾಗುವ ರೂಪಕ್ಕೆ ಪರಿವರ್ತಿಸುವ, ಜಾವಾಸ್ಕ್ರಿಪ್ಟ್ ಭಾಷೆಯ ‘ಎನ್‌ಕೋಡ್‌ಯುಆರ್‌ಐ’ ಬಳಸಿದೆ; ಖಾಲಿ ಜಾಗ %20 ಆಯಿತೇ ಹೊರತು & ಹಾಗೆಯೇ ಉಳಿಯಿತು, ಏಕೆಂದರೆ ಅದು ಇಡೀ ವಿಳಾಸಕ್ಕೆಂದು ಇರುವ ಸೌಲಭ್ಯ. ತಿಂಡಿಯ ಹೆಸರಿಗೆ ಮಾತ್ರ ‘ಎನ್‌ಕೋಡ್‌ಯುಆರ್‌ಐಕಾಂಪೊನೆಂಟ್’ ಹಚ್ಚಿದಾಗ & ಎಂಬುದು %26 ಆಗಿ, ಹೆಸರು ಪೂರ್ತಿಯಾಗಿ ತಲುಪಿತು.

ಆದರೂ ಒಂದು ಪುಟದಲ್ಲಿ & ಬದಲು %26 ಎಂದೇ ಕಾಣುತ್ತಿತ್ತು. ವಿಳಾಸದಲ್ಲಿ %2526 ಇರುವುದನ್ನು ಕಂಡಾಗ ಕಾರಣ ಹೊಳೆಯಿತು: ಅದೇ ಹೆಸರನ್ನು ಎರಡು ಸಲ ಪರಿವರ್ತಿಸಿದ್ದರಿಂದ % ಚಿಹ್ನೆಯೇ %25 ಆಗಿತ್ತು. ಒಂದು ಪರಿವರ್ತನೆಯನ್ನು ತೆಗೆದುಹಾಕಿದೆ.

ಆದರೆ ಹೀಗೆ ಪರಿವರ್ತಿಸಿದಾಗ ಕನ್ನಡದ ಹೆಸರುಗಳು ವಿಳಾಸದಲ್ಲಿ ಉದ್ದವಾಗುವುದು ದೋಷವಲ್ಲ. ಅಕ್ಷರಗಳನ್ನು ಬೈಟ್ ರೂಪದಲ್ಲಿ ಬರೆಯುವ ಪದ್ಧತಿಯಾದ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು, ಪ್ರತಿ ಬೈಟ್ ವಿಳಾಸದಲ್ಲಿ 3 ಚಿಹ್ನೆಗಳಾಗುತ್ತದೆ. ಹೀಗಾಗಿ ಸ್ವರಚಿಹ್ನೆಗಳೂ ಸೇರಿ 8 ಸಂಕೇತಗಳಿರುವ ‘ದಾವಣಗೆರೆ’ 72 ಚಿಹ್ನೆಗಳಷ್ಟು ಹಿಗ್ಗುತ್ತದೆ.