ಎಂಜಿಬಿ ಮತ್ತು ಹಾಕಿಕೊಳ್ಳದ ಬಾಗಿಲು

ಕಾರು ನೋಡಲು ಹೋದ ದಿನ ನಾನು ಮೊದಲು ಎಂಜಿನ್ ಸ್ಟಾರ್ಟ್ ಮಾಡಿಸಿದೆ. ಅದೇ ತಪ್ಪಾಯಿತು. 1969ರ ಎಂಜಿಬಿ ರೋಡ್‌ಸ್ಟರ್, ಅಂದರೆ ಚಾವಣಿ ತೆರೆಯುವ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು, ಒಂದೇ ಸಲಕ್ಕೆ ಗುರ್ ಎಂದಿತು. ಆಯಿಲ್ ಪ್ರೆಶರ್ ಮುಳ್ಳು ಚೆನ್ನಾಗಿ ಮೇಲೇರಿತು. ನಾನು ಅಲ್ಲೇ ಸೋತೆ.

ಈ ಕಾರಿನಲ್ಲಿ ಎಂಜಿನ್ ಕೊನೆಗೆ ನೋಡಬೇಕಾದದ್ದು. 1798 ಸಿಸಿಯ ಬಿ-ಸೀರೀಸ್ ಎಂಜಿನ್ ಗಟ್ಟಿ ಜೀವ. ಕೆಟ್ಟರೂ ಇಳಿಸಿ, ಬಿಚ್ಚಿ, ಸರಿಮಾಡಬಹುದು. ಬಾಡಿ ಹಾಗಲ್ಲ. ಎಂಜಿಬಿಗೆ ಅಡಿಯಲ್ಲಿ ಭಾರ ಹೊರುವ ಬೇರೆ ಚೌಕಟ್ಟು, ಅಂದರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ರೋಡ್‌ಸ್ಟರ್‌ಗೆ ಮೇಲೆ ತಗಡಿನ ಚಾವಣಿಯೂ ಇಲ್ಲ. ಹಾಗಾಗಿ ಕಾರಿನ ಮುಂದಿನ ಅರ್ಧ, ಹಿಂದಿನ ಅರ್ಧ ಮಡಚಿಕೊಳ್ಳದಂತೆ ತಡೆಯುವ ಭಾರವೆಲ್ಲ ಹೆಚ್ಚಾಗಿ ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ತಗಡಿನ ತೊಲೆಗಳ, ಅಂದರೆ ಸಿಲ್‌ಗಳ ಮೇಲೆ.

ಜೇಬಿನಲ್ಲಿ ಅಯಸ್ಕಾಂತ ಇಟ್ಟುಕೊಂಡೇ ಹೋಗಿದ್ದೆ. ಸಿಲ್‌ಗೆ ಹಿಡಿದೆ, ಗಟ್ಟಿಯಾಗಿ ಅಂಟಿತು. ತುಕ್ಕಿನ ತೂತು ಮುಚ್ಚಲು ಪುಟ್ಟಿ ಮೆತ್ತಿದ್ದರೆ ಅಂಟುತ್ತಿರಲಿಲ್ಲ. ಪುಟ್ಟಿ ಇಲ್ಲ ಎಂದು ಖುಷಿಪಟ್ಟೆ. ಮನೆಗೆ ತಂದು ಕತ್ತರಿಸಿದ ಮೇಲೆ ಗೊತ್ತಾಯಿತು: ಹಳೆಯ ಕೊಳೆತ ಸಿಲ್ ಮೇಲೇ ಯಾರೋ ಹೊಸ ತಗಡು ಹೊದಿಸಿ ವೆಲ್ಡ್ ಮಾಡಿದ್ದರು. ಹೊಸ ತಗಡಿಗೆ ಅಯಸ್ಕಾಂತ ಅಂಟದೆ ಇರುತ್ತದೆಯೇ! ಕಾರನ್ನು ಪಕ್ಕದಿಂದ ಜಾಕ್ ಹಾಕಿ ಎತ್ತಿ, ಬಾಗಿಲ ಸುತ್ತಲಿನ ಸಂದು ಕಿರಿದಾಗುತ್ತದಾ ಎಂದು ನೋಡಿದ್ದರೆ ಸಾಕಿತ್ತು. ಸಂದು ಬದಲಾಯಿತು ಎಂದರೆ ಸಿಲ್‌ನಲ್ಲಿ ಜೀವವಿಲ್ಲ ಎಂದರ್ಥ.

ಅದೃಷ್ಟಕ್ಕೆ ಈ ಕಾರನ್ನು 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ಐದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಮಾಡಿದ್ದರು. ಅದರಿಂದ ಸಿಲ್, ಫ್ಲೋರ್ ಎಲ್ಲ ಈಗಲೂ ಹೊಸದಾಗಿ ಸಿಗುತ್ತವೆ. ಮೊದಲ ಸಲ ಕೈಹಾಕುವವರು ಬಿಡಿಭಾಗ ಸಿಗುವ ಕಾರನ್ನೇ ಹಿಡಿಯಿರಿ. ಅಪರೂಪದ ಕಾರಿನ ಮೋಹ ಆಮೇಲೆ ಇದ್ದೇ ಇದೆ.

ಬಿಚ್ಚುವುದು ಸುಲಭ. ಒಂದೊಂದು ಭಾಗದ ಬೋಲ್ಟಿಗೂ ಒಂದೊಂದು ಚೀಲ, ಮೇಲೊಂದು ಚೀಟಿ, ಬಿಚ್ಚುವ ಮುಂಚೆ ಫೋಟೋ. ಸ್ಪ್ಯಾನರ್ ಮಾತ್ರ ಇಂಚಿನ ಅಳತೆಯದ್ದು ಬೇಕು. ಮಿಲಿಮೀಟರಿನದ್ದು ಹಾಕಿದರೆ ನಟ್ಟಿನ ಮೂಲೆ ಸವೆದು ಗುಂಡಗಾಗುತ್ತದೆ.

ಇನ್ನು ಸಿಲ್ ಕಥೆ. ಬ್ಯಾಟರಿ, ಪೆಟ್ರೋಲ್ ಟ್ಯಾಂಕ್ ಎರಡನ್ನೂ ತೆಗೆದು ದೂರ ಇಟ್ಟೆ. ಅಷ್ಟು ಬುದ್ಧಿ ಇತ್ತು. ಎಡಗಡೆಯ ಬಾಗಿಲು ಬಿಚ್ಚಿದೆ, ಗ್ರೈಂಡರ್ ಹಿಡಿದು ಹೊರಗಿನ ಸಿಲ್ ಕತ್ತರಿಸಿದೆ. ಅದರ ಹಿಂದೆ ನಿಂತ ತಗಡು, ಒಳಗಿನ ಸಿಲ್, ಅಡಿಯ ಪಟ್ಟಿ ಎಲ್ಲವೂ ಬಿಸ್ಕತ್ತಿನ ಹಾಗೆ ಪುಡಿಯಾಗಿದ್ದವು. ಎಲ್ಲ ಕಿತ್ತು ಹೊಸದು ಹಾಕಿದೆ. ವೆಲ್ಡಿಂಗ್ ಕೂಡ ನನ್ನ ಮಟ್ಟಿಗೆ ಚೆನ್ನಾಗೇ ಬಂತು. ಖುಷಿಯಲ್ಲಿ ಬಾಗಿಲು ತಂದು ಕೂರಿಸಿದರೆ ಮುಚ್ಚುತ್ತಲೇ ಇಲ್ಲ. ಮೇಲ್ಗಡೆ ತಗಲುತ್ತದೆ, ಕೆಳಗಡೆ ಬೆರಳು ತೂರುವಷ್ಟು ಸಂದು. ಸಿಲ್ ಇಲ್ಲದ ಹೊತ್ತಿನಲ್ಲಿ ಬಾಡಿ ನಡುವೆ ತುಸು ಕುಸಿದಿತ್ತು. ನಾನು ಆ ಕುಸಿತವನ್ನೇ ಭದ್ರವಾಗಿ ವೆಲ್ಡ್ ಮಾಡಿಟ್ಟಿದ್ದೆ!

ಮೂರು ದಿನ ಆ ಕಡೆ ತಲೆ ಹಾಕಲಿಲ್ಲ. ಆಮೇಲೆ ಹೊಸ ಸಿಲ್ ಅನ್ನೇ ಮತ್ತೆ ಕತ್ತರಿಸಿದೆ. ಈ ಸಲ ಬಾಗಿಲಿನ ಮುಂದಿನ ಕಂಬದಿಂದ ಹಿಂದಿನ ಕಂಬಕ್ಕೆ ಕಬ್ಬಿಣದ ಪೈಪ್ ಅಡ್ಡ ಕೊಟ್ಟು ಬಿಗಿಮಾಡಿದೆ. ಬಾಗಿಲು ಕೂರಿಸಿ, ಸಂದು ಸರಿ ಬರುವವರೆಗೆ ಜಾಕ್ ಏರಿಸಿ ಇಳಿಸಿ ನೋಡಿ, ಆಮೇಲಷ್ಟೇ ಹೊಸ ಸಿಲ್ ಇಟ್ಟೆ. ಒಂದೇ ಉಸಿರಿಗೆ ಉದ್ದಕ್ಕೂ ಎಳೆಯಲಿಲ್ಲ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ. ಶಾಖ ಒಂದೇ ಕಡೆ ಸೇರಿದರೆ ತಗಡು ಸೊಟ್ಟಗಾಗುತ್ತದೆ. ನಾಲ್ಕು ಚುಕ್ಕೆಗೊಮ್ಮೆ ಬಾಗಿಲು ಹಾಕಿ ತೆಗೆದು ನೋಡಿದೆ. ಬಲಗಡೆಯದ್ದೂ ಹೀಗೇ ಮಾಡಿದೆ. ಬಣ್ಣ ಆದ ಮೇಲೆ ಸಿಲ್ ಒಳಗೆ ಮೇಣ ಸಿಂಪಡಿಸಿದೆ.

ಆ ಬಣ್ಣ ಇನ್ನೊಂದು ಆಟ ಆಡಿಸಿತು. ವೈರಿಂಗ್ ಮುಗಿಸಿ ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕುತ್ತದೆ! ಎರಡು ಸಂಜೆ ವೈರ್ ಹುಡುಕಿದೆ. ವೈರ್ ಸರಿಯೇ ಇತ್ತು. ಡಿಕ್ಕಿಯೊಳಗೆ ಅರ್ತ್ ಬೋಲ್ಟ್, ಅಂದರೆ ದೀಪದ ಕರೆಂಟ್ ಬಾಡಿಯ ತಗಡಿಗೆ ವಾಪಸ್ ಸೇರುವ ಬೋಲ್ಟ್, ಕೂರುವ ಜಾಗಕ್ಕೂ ನಾನು ಚೆನ್ನಾಗಿ ಬಣ್ಣ ಬಳಿದಿದ್ದೆ. ಕರೆಂಟ್ ಬೇರೆ ದೀಪದ ದಾರಿ ಹಿಡಿದು ವಾಪಸ್ ಹೋಗುತ್ತಿತ್ತು. ಅಷ್ಟಗಲ ಬಣ್ಣ ಕೆರೆದೆ, ಸರಿಹೋಯಿತು.

ಎಂಜಿನ್‌ನಲ್ಲಿ ಮಾಡಿದ್ದು ಕಡಿಮೆ. ವಾಲ್ವ್ ಸಂದನ್ನು, ಅಂದರೆ ವಾಲ್ವ್‌ಗೂ ಅದನ್ನು ಒತ್ತುವ ತೋಳಿಗೂ ನಡುವಿನ ಜಾಗವನ್ನು, ಎಂಜಿನ್ ತಣ್ಣಗಿರುವಾಗ 0.015 ಇಂಚಿಗೆ ಇಟ್ಟೆ. ಇದಕ್ಕೆ ಎರಡು ವಾಲ್ವ್‌ಗಳ ಸಂಖ್ಯೆ ಕೂಡಿದರೆ ಒಂಬತ್ತು ಬರುವ ಲೆಕ್ಕ ಇದೆ: ಎಂಟನೇ ವಾಲ್ವ್ ಪೂರ್ತಿ ತೆರೆದಾಗ ಒಂದನೆಯದನ್ನು, ಏಳನೆಯದು ತೆರೆದಾಗ ಎರಡನೆಯದನ್ನು ಅಳೆಯಬೇಕು. ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡುವ ಎರಡು ಎಸ್‌ಯು ಕಾರ್ಬುರೇಟರ್‌ಗಳು ಒಂದೇ ಸಮ ಗಾಳಿ ಎಳೆಯುವಂತೆ ಮಾಡಲು ಒಂದು ರಬ್ಬರ್ ಕೊಳವೆ ಸಾಕು. ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬುರೇಟರ್ ಬಾಯಿಗೆ. ಎರಡರ ಸುಸ್ ಸದ್ದೂ ಒಂದೇ ಆಗುವವರೆಗೆ ಸ್ಕ್ರೂ ತಿರುಗಿಸುತ್ತಾ ಕೂರುವುದು. ಇಡೀ ಪ್ರಾಜೆಕ್ಟಿನಲ್ಲಿ ನನಗೆ ತುಂಬಾ ಇಷ್ಟವಾದ ಕೆಲಸ ಇದೇ. ಬೇಕೆಂದೇ ನಿಧಾನ ಮಾಡಿದೆ ಅನ್ನಿ.

ಕಾರು ಈಗ ಓಡುತ್ತಿದೆ. ಬಲ ಬಾಗಿಲು ಬೆರಳಲ್ಲಿ ತಳ್ಳಿದರೆ ಸಾಕು, ಹಾಕಿಕೊಳ್ಳುತ್ತದೆ. ಎಡದ್ದನ್ನು ಸ್ವಲ್ಪ ಎತ್ತಿ ಎಳೆಯಬೇಕು. ಆ ಕಡೆ ಕೂರುವವರಿಗೆ ನಾನೇ ಇಳಿದು ಹೋಗಿ ಬಾಗಿಲು ಹಾಕುತ್ತೇನೆ. ಮರ್ಯಾದೆ ಕೊಡುತ್ತಿದ್ದೇನೆ ಅಂದುಕೊಳ್ಳುತ್ತಾರೆ.