ರೆಕ್ಕೆ ಜೋತು ಬಿದ್ದಾಗಲೇ ಅದು ಅಪಾಚೆ

ಪ್ಲಾಸ್ಟಿಕ್ ಕಿಟ್ ತಂದು ಹೆಲಿಕಾಪ್ಟರ್‌ಗಳ ಪುಟ್ಟ ಮಾದರಿ ಕಟ್ಟುವುದು ನನ್ನ ಹವ್ಯಾಸ. ಅಪಾಚೆ ಎಂಬ ಯುದ್ಧ ಹೆಲಿಕಾಪ್ಟರ್‌ನ ಮುಖ್ಯ ರೋಟರ್, ಅಂದರೆ ನೆತ್ತಿಯ ಮೇಲೆ ತಿರುಗುವ ರೆಕ್ಕೆಗಳ ಚಕ್ರ, 48 ಅಡಿ ಅಗಲ. 1/48 ಅಳತೆಯಲ್ಲಿ, ಅಂದರೆ ಅಸಲಿಯ 48ನೇ ಒಂದು ಪಾಲಿನಲ್ಲಿ, ಅದು ಸರಿಯಾಗಿ ಒಂದು ಅಡಿ ಆಗುತ್ತದೆ. ನಾನು ಈ ಅಳತೆ ಹಿಡಿದಿದ್ದೇ ಅದಕ್ಕೆ. ಶಾಲೆಯ ಸ್ಕೇಲ್ ಇಟ್ಟು ನೋಡಿದರೆ ಸಾಕು, ರೋಟರ್ ಸರಿಯಿದೆಯೋ ಇಲ್ಲವೋ ಗೊತ್ತಾಗುತ್ತದೆ. 1/72ರಲ್ಲಿ ಕಾಕ್‌ಪಿಟ್ ಕೆಲಸಕ್ಕೆ ಕಣ್ಣು ಸೋಲುತ್ತದೆ. 1/35 ನಮ್ಮ ಮನೆಯ ಶೋಕೇಸಿಗೆ ಹಿಡಿಸುವುದಿಲ್ಲ.

ಕಿಟ್ ಬಿಚ್ಚುವ ಮೊದಲೇ ಯಾವ ಹೆಲಿಕಾಪ್ಟರ್ ಅಂತ ಆರಿಸಿಕೊಳ್ಳಬೇಕು. ಸುಮ್ನೆ ಅಪಾಚೆ ಅಂದರೆ ಆಗಲಿಲ್ಲ. ನಮ್ಮ ವಾಯುಪಡೆ 2019ರ ಸೆಪ್ಟೆಂಬರ್‌ನಲ್ಲಿ ಪಠಾಣ್‌ಕೋಟ್‌ನಲ್ಲಿ ಸೇರಿಸಿಕೊಂಡಿದ್ದು ಎಎಚ್-64ಇ. ಭೂಸೇನೆಗೆ 2025ರ ಜುಲೈನಲ್ಲಿ ಬಂದವೂ ಅದೇ ಮಾದರಿ, ಆದರೆ ಮರಳು ಬಣ್ಣದವು. ಹಳೆಯ ಎ ಮಾದರಿಯ ಕಿಟ್ ತಂದು ನೆತ್ತಿಗೆ ರೇಡಾರ್ ಗುಮ್ಮಟ ಅಂಟಿಸಿದರೆ ಅದು ಇ ಆಗುವುದಿಲ್ಲ. ಮೂತಿಯ ಕ್ಯಾಮೆರಾ ಬೇರೆ, ಕಾಕ್‌ಪಿಟ್ ಪಕ್ಕದ ಉಬ್ಬು ದೊಡ್ಡದು. ಅಷ್ಟಕ್ಕೂ ನಮ್ಮ ಎಲ್ಲ ಅಪಾಚೆಗಳಿಗೂ ಆ ಗುಮ್ಮಟ ಇರುವುದಿಲ್ಲ.

ನನ್ನ ಹೆಚ್ಚಿನ ಹೊತ್ತು ಹೋಗುವುದು ರೋಟರ್‌ಗೇ. ಕಿಟ್‌ನ ರೆಕ್ಕೆಗಳು ನೆಟ್ಟಗೆ ಇರುತ್ತವೆ. ನಿಂತ ಹೆಲಿಕಾಪ್ಟರ್‌ನ ರೆಕ್ಕೆ ತನ್ನ ಭಾರಕ್ಕೆ ತಾನೇ ಜೋಲುತ್ತದೆ. ಪಕ್ಕದಿಂದ ತೆಗೆದ ಫೋಟೋ ಪ್ರಿಂಟ್ ಹಾಕಿಸಿ, ರೋಟರ್ ತಲೆಯಿಂದ ಒಂದು ಅಡ್ಡಗೆರೆ ಎಳೆದು, ತುದಿ ಎಷ್ಟು ಕೆಳಗಿದೆ ಅಂತ ಅಳೆಯುತ್ತೇನೆ. ಆಮೇಲೆ ರೆಕ್ಕೆಯನ್ನು ಬಿಸಿನೀರಲ್ಲಿ ಅದ್ದಿ, ಹೆಬ್ಬೆರಳಲ್ಲಿ ನಿಧಾನಕ್ಕೆ ಬಾಗಿಸಿ, ತಕ್ಷಣ ತಣ್ಣೀರಿಗೆ ಹಾಕುವುದು. ನಾಲ್ಕೂ ಒಂದೇ ಸಮ ಬಾಗಬೇಕು. ಹಾಗಾಗಿ ಮೊದಲು ರಟ್ಟಿನಲ್ಲಿ ಆ ವಕ್ರಗೆರೆ ಕತ್ತರಿಸಿಟ್ಟುಕೊಂಡು, ಪ್ರತಿಯೊಂದನ್ನೂ ಅದರ ಮೇಲಿಟ್ಟು ನೋಡುತ್ತೇನೆ.

ಬಾಲದ ರೋಟರ್ ನೋಡಿದರೆ ಕಟ್ಟಿದವರು ಎಷ್ಟು ನೋಡಿ ಕಟ್ಟಿದ್ದಾರೆ ಅಂತ ತಿಳಿಯುತ್ತದೆ. ಅಲ್ಲಿಯ ನಾಲ್ಕು ರೆಕ್ಕೆಗಳು ಕೂಡಿಸುವ ಚಿಹ್ನೆಯ ಹಾಗೆ ಇರುವುದಿಲ್ಲ. ಸದ್ದು ತಗ್ಗಲಿ ಅಂತ ಎರಡೆರಡು ರೆಕ್ಕೆಯ ಜೋಡಿಗಳನ್ನು ಕತ್ತರಿಯಂತೆ ಕೂರಿಸಿದ್ದಾರೆ, 55 ಮತ್ತು 125 ಡಿಗ್ರಿಗೆ. ಕೋನಮಾಪಕದಿಂದ ಕಾಗದದ ಮೇಲೆ ಗೆರೆ ಹಾಕಿಕೊಂಡು ಅದರ ಮೇಲೇ ಅಂಟಿಸುತ್ತೇನೆ.

ಚಕ್ರ ಕೂರಿಸಲು ಕಲಬುರಗಿಯವರು ಏನೂ ಕೊಳ್ಳಬೇಕಿಲ್ಲ. ಪಾಲಿಶ್ ಮಾಡಿದ ಶಹಾಬಾದ್ ಕಲ್ಲಿನ ತುಂಡೊಂದು ಸಾಕು. ಸಮತಟ್ಟು ಅಂದರೆ ಸಮತಟ್ಟು. ಅದರ ಮೇಲೆ ಮರಳು ಕಾಗದ ಅಂಟಿಸಿ ಟೈರ್‌ನ ತಳ ಸ್ವಲ್ಪ ತೀಡಿದರೆ ಟನ್‌ಗಟ್ಟಲೆ ಭಾರ ಹೊತ್ತ ಟೈರ್ ಹಾಗೆ ಕಾಣುತ್ತದೆ. ಮೂರೂ ಚಕ್ರ ಕಲ್ಲಿಗೆ ತಾಗುತ್ತವಾ, ಮೈ ಒಂದು ಕಡೆ ವಾಲಿದೆಯಾ ಅಂತ ಅಲ್ಲೇ ನೋಡಿಬಿಡಬಹುದು.

ಗಾಜಿನಂಥ ಪಾರದರ್ಶಕ ಭಾಗಕ್ಕೆ ಸೂಪರ್ ಗ್ಲೂ ಬೇಡವೇ ಬೇಡ, ಅದರ ಹೊಗೆಗೆ ಗಾಜು ಮಬ್ಬಾಗುತ್ತದೆ. ಫೆವಿಕಾಲ್ ಸಾಕು.

ಇನ್ನು ನಮ್ಮ ಬಿಸಿಲು. ಮೇ ತಿಂಗಳಲ್ಲಿ ಅಕ್ರಿಲಿಕ್ ಬಣ್ಣ ಏರ್‌ಬ್ರಶ್‌ನ (ಗಾಳಿಯಿಂದ ಬಣ್ಣ ಚಿಮ್ಮಿಸುವ ಸಾಧನ) ಮೂಗಿನಲ್ಲೇ ಒಣಗಿ ಕೂರುತ್ತದೆ. ಬಣ್ಣಕ್ಕೆ ಬೇಗ ಒಣಗದಂತೆ ಮಾಡುವ ರಿಟಾರ್ಡರ್ ಕೆಲವು ಹನಿ ಹಾಕಿ, ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಿ, ಹೊತ್ತು ಏರುವ ಮೊದಲೇ ಬಣ್ಣ ಹೊಡೆದು ಮುಗಿಸುತ್ತೇನೆ. ಮಳೆಗಾಲದಲ್ಲಿ ಮ್ಯಾಟ್ (ಹೊಳಪಿಲ್ಲದ) ವಾರ್ನಿಶ್ ಮುಟ್ಟುವುದಿಲ್ಲ, ತೇವಕ್ಕೆ ಬೆಳ್ಳಗಾಗುವುದುಂಟು. ಡಬ್ಬಿಯ ಬಣ್ಣಕ್ಕೆ ಒಂದಿಷ್ಟು ಬಿಳಿ ಬೆರೆಸುತ್ತೇನೆ. ಚಿಕ್ಕ ಮಾದರಿಯ ಮೇಲೆ ಅಸಲಿ ಬಣ್ಣ ಜಾಸ್ತಿ ಕಪ್ಪು ಕಾಣುತ್ತದೆ. ತುಕ್ಕು, ಮಸಿ, ಎಣ್ಣೆ ಕಲೆ ಬಳಿದು ಗುಜರಿ ಅಂಗಡಿಯ ಮಾಲು ಮಾಡುವುದು ಈಗ ಭಾಳ ಫ್ಯಾಷನ್. ನನಗೆ ಅದು ಹಿಡಿಸುವುದಿಲ್ಲ. ಪಡೆಯವರು ದಿನಾ ಒರೆಸಿ ಇಟ್ಟುಕೊಳ್ಳುವ ಯಂತ್ರ ಅದು, ಅಲ್ವಾ?

ಈಗ ಮೇಜಿನ ಮೇಲೆ ಇರುವುದು ರಷ್ಯಾದ ಎಂಐ-24 ಹೆಲಿಕಾಪ್ಟರ್. ಅದಕ್ಕೆ ಮುಂದೆ ಚಕ್ರ ಇದೆ, ಹಾಗಾಗಿ ಮೂತಿಯೊಳಗೆ ಸೀಸದ ಗುಂಡು ತುಂಬಬೇಕು, ಇಲ್ಲದಿದ್ದರೆ ಬಾಲ ಊರಿ ಕೂರುತ್ತದೆ. ಅದರ ರೋಟರ್ ಕಂಬ ಹುಟ್ಟಾ ಎರಡೂವರೆ ಡಿಗ್ರಿ ಬಲಕ್ಕೆ ವಾಲಿದೆ. ಇಲ್ಲಿ ನೆಟ್ಟಗೆ ಕೂರಿಸಿದರೇ ತಪ್ಪು. ರೋಟರನ್ನು ಮಾತ್ರ ನಾನು ಅಂಟಿಸುವುದಿಲ್ಲ, ಹಿತ್ತಾಳೆ ಕೊಳವೆಯಲ್ಲಿ ಸಿಕ್ಕಿಸಿಡುತ್ತೇನೆ. ಬಸ್ಸಿನಲ್ಲಿ ಒಯ್ಯುವಾಗ ತೆಗೆದು ಬೇರೆ ಡಬ್ಬಿಗೆ ಹಾಕಬಹುದು. ಮನೆಗೆ ಬಂದ ಮಕ್ಕಳು ತಿರುಗಿಸಿದರೂ ಮುರಿಯುವುದಿಲ್ಲ. ತಿರುಗಿಸದೆ ಯಾರೂ ಬಿಡುವುದಿಲ್ಲ, ದೊಡ್ಡವರೂ ಅಷ್ಟೇ.